ಹೊಟ್ಟೆ ತುಂಬಿಸುವ ಪಟ್ಟಿ

ಫೆಬ್ರವರಿ 4, ಮಂಗಳವಾರ

ಆಸ್ಪತ್ರೆಯ ಆಹಾರದ ಮೇಡಂ ಎರಡು ಮಾತು ಹೇಳಿದರು. ತಿಂದದ್ದನ್ನೆಲ್ಲ ಬರೆದಿಡಬೇಕು, ಸುಳ್ಳು ಬರೆಯಬಾರದು. ಬರುವಾಗ ಎರಡು ನೋಟ್‌ಬುಕ್ ತಂದೆ. ನೀಲಿ ರಟ್ಟಿನದು ಅವರಿಗೆ ತೋರಿಸುವುದಕ್ಕೆ. ಇದು ನನಗೆ.

ವಿಷಯ ಇಷ್ಟು. ನನ್ನ ಅಣ್ಣನ ಲಿವರ್ ಹೋಗಿದೆ. ಕುಡಿದು ಹಾಳು ಮಾಡಿಕೊಂಡವನಲ್ಲ. ಯಾವ ಕಾಲದ್ದೋ ಕಾಮಾಲೆ ಒಳಗೇ ಕೂತು ಗೆದ್ದಲಿನ ಹಾಗೆ ತಿಂದಿದೆಯಂತೆ. ಯಾರಾದರೂ ತಮ್ಮ ಲಿವರಿನ ಒಂದು ಪಾಲು ಕೊಟ್ಟರೆ ಬದುಕುತ್ತಾನೆ. ಅತ್ತಿಗೆಯ ರಕ್ತದ ಗುಂಪು ಹೊಂದುವುದಿಲ್ಲ. ಅವರಿಗೆ ಮಕ್ಕಳಿಲ್ಲ. ಉಳಿದವನು ನಾನೊಬ್ಬ. ನನ್ನದು ಹೊಂದುತ್ತದೆ, ಆದರೆ ನನ್ನ ಲಿವರಿಗೆ ಕೊಬ್ಬು ಹತ್ತಿದೆ, ನೂರಕ್ಕೆ ಮೂವತ್ತೆರಡು. ತೂಕ ತೊಂಬತ್ತೇಳು ಕೇಜಿ. ಎಂಟು ವಾರದಲ್ಲಿ ಎಂಬತ್ತಾರಕ್ಕೆ ಇಳಿದರೆ ಒಳಗಿನ ಕೊಬ್ಬೂ ಕರಗುತ್ತದೆ. ಏಪ್ರಿಲ್ ಒಂದಕ್ಕೆ ಸ್ಕ್ಯಾನ್, ಒಂಬತ್ತಕ್ಕೆ ಆಪರೇಷನ್.

ಅಣ್ಣ ಅಂತ ಬರೆದು ನೋಡಿದೆ. ಕೈಗೆ ಅಭ್ಯಾಸ ತಪ್ಪಿದೆ. ಮಾತು ಬಿಟ್ಟು ಆರು ವರ್ಷವಾಯಿತು. ಅಮ್ಮ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ ನಾನು ಬಸ್ಸಿನಲ್ಲಿದ್ದೆ, ಇನ್ನು ಆರು ಗಂಟೆಯ ದಾರಿ. ಅವನು ಕಾಯಲಿಲ್ಲ. ನನ್ನನ್ನು ಒಂದು ಮಾತು ಕೇಳದೆ, ಉಸಿರಿನ ಯಂತ್ರ ತೆಗೆಯಿರಿ ಅಂತ ಸಹಿ ಹಾಕಿದ. ನಾನು ಮುಟ್ಟಿದಾಗ ಅಮ್ಮನ ಪಾದ ತಣ್ಣಗಿತ್ತು. ಅವತ್ತಿನಿಂದ ನನ್ನ ಪಾಲಿಗೆ ಅವನು ಬರೀ ಮೇಷ್ಟ್ರು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾನೆ.

ಅತ್ತಿಗೆ ಫೋನ್ ಮಾಡಿ ಅತ್ತರು. ಒಪ್ಪಿದ್ದು ಅವರಿಗೋಸ್ಕರ. ಇದನ್ನು ಬರೆದಿಟ್ಟಿರುತ್ತೇನೆ.

ಮೇಡಂ ಒಂದು ಪಟ್ಟಿ ಕೊಟ್ಟಿದ್ದಾರೆ. ಮೇಲುಗಡೆ "ಕ್ಯಾಲೊರಿ ಕಡಿಮೆ, ಹೊಟ್ಟೆ ಭರ್ತಿ" ಅಂತ ದಪ್ಪಕ್ಷರ. ಕೆಳಗೆ ಓಟ್ಸ್ ಗಂಜಿ, ಮೊಟ್ಟೆ, ಎಲೆಕೋಸಿನ ಸೂಪು, ಬೇಯಿಸಿದ ಬೇಳೆ, ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ, ಅಣಬೆ, ಕೆನೆ ತೆಗೆದ ಮೊಸರು, ಕಲ್ಲಂಗಡಿ, ಸೇಬು, ಎಣ್ಣೆ ಇಲ್ಲದ ಪಾಪ್‌ಕಾರ್ನ್.

"ಇದೆಲ್ಲ ದನದ ಮೇವಲ್ವಾ ಮೇಡಂ?" ಅಂದೆ.

ಅವರು ನಗಲಿಲ್ಲ. "ದನಕ್ಕೆ ನಿಮ್ಮಷ್ಟು ಕೊಬ್ಬಿರಲ್ಲ" ಅಂದರು.

ಫೆಬ್ರವರಿ 6, ಗುರುವಾರ

ಬೆಳಗ್ಗೆ ಓಟ್ಸ್ ಗಂಜಿ. ಮಧ್ಯಾಹ್ನ ಎರಡು ಮೊಟ್ಟೆ, ಒಂದಿಡೀ ಸೌತೆಕಾಯಿ. ಹನ್ನೆರಡಕ್ಕೆ ತಿಂದೆ, ಒಂದು ಗಂಟೆಗೆ ಹೊಟ್ಟೆ ಏನೂ ನಡೆದೇ ಇಲ್ಲವೆಂಬಂತೆ ಚುರುಗುಟ್ಟಿತು.

ನಾನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದ ಕೆಲಸ. ಇವತ್ತು ಹನ್ನೊಂದು ಮಹಡಿಯ ಕಟ್ಟಡದಲ್ಲಿ ಲಿಫ್ಟಿನ ಕೆಳಗುಂಡಿಗೆ ಇಳಿದಿದ್ದೆ. ಅಷ್ಟೂ ಮಹಡಿಯ ಅಡುಗೆಮನೆ ವಾಸನೆ ಲಿಫ್ಟ್ ಓಡಾಡುವ ಕೊಳವೆಯಲ್ಲೇ ಇಳಿದು ಗುಂಡಿಯಲ್ಲಿ ನಿಲ್ಲುತ್ತದೆ ಅನ್ನುವುದು ಇಷ್ಟು ವರ್ಷಕ್ಕೆ ಇವತ್ತು ತಿಳಿಯಿತು. ಐದನೇ ಮಹಡಿಯೋ ಆರನೆಯದೋ, ಯಾರೋ ಈರುಳ್ಳಿ ಹುರಿಯುತ್ತಿದ್ದರು. ಬಿಚ್ಚಿದ ರೋಲರನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಿದ್ದೆ.

ಮೇಲಿನಿಂದ ಕನ್ನಡಕ ಕೂಗಿದ. ಅವನು ನನ್ನ ಜೊತೆ ಕೆಲಸ ಮಾಡುವವನು. ಬೇರೆ ಹೆಸರಿದೆ, ಅದರಿಂದ ಅವನ ಹೆಂಡತಿಯೂ ಕರೆಯುವುದಿಲ್ಲ. "ಗುಂಡಣ್ಣ, ಇದ್ದೀಯೋ ಹೋದ್ಯೋ?"

"ಇದ್ದೀನಿ. ಅರ್ಧ."

ಎಲ್ಲರಿಗೂ ನಾನು ಗುಂಡಣ್ಣ. ಆ ಹೆಸರಿಟ್ಟವನು ಮೇಷ್ಟ್ರೇ, ನನಗೆ ಏಳು ವರ್ಷವಾಗಿದ್ದಾಗ. ಈಗ ಆ ಗುಂಡನನ್ನು ಕರಗಿಸಿ ಅವನಿಗೇ ಕೊಡಬೇಕು.

ಸಂಜೆ ಮನೆಯ ಮೂರು ಮಹಡಿ ಹತ್ತುವಾಗ ಎರಡು ಸಲ ಕೂತೆ. ಲಿಫ್ಟ್ ರಿಪೇರಿಯವನ ಮನೆಗೇ ಲಿಫ್ಟಿಲ್ಲ. ಒಂಟಿ ಮನುಷ್ಯನಿಗೆ ಎರಡು ಕೋಣೆ ಸಾಕು ಅಂತ ಹಿಡಿದದ್ದು, ಮೆಟ್ಟಿಲು ಎಣಿಸಿರಲಿಲ್ಲ. ಐವತ್ತನಾಲ್ಕು.

ಫೆಬ್ರವರಿ 11, ಮಂಗಳವಾರ

ತೊಂಬತ್ತೈದೂ ನಾಲ್ಕು. "ಮೊದ್ಲು ಹೋಗೋದು ಬರೀ ನೀರು, ಖುಷಿಪಡಬೇಡಿ" ಅಂದರು ಮೇಡಂ. ಖುಷಿಪಡುವಷ್ಟು ಶಕ್ತಿ ಇದ್ದರೆ ತಾನೆ.

ಫೆಬ್ರವರಿ 19, ಬುಧವಾರ

ಪಟ್ಟಿಯಲ್ಲಿ ಒಬ್ಬ ಮಿತ್ರ ಸಿಕ್ಕಿದ್ದಾನೆ. ಆಲೂಗಡ್ಡೆ.

ನಾನು ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ದಪ್ಪಗಾಗುವುದೇ ಅದರಿಂದ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಮೇಡಂ ಹೇಳಿದರು, ತಪ್ಪು ಆಲೂಗಡ್ಡೆಯದಲ್ಲ, ಅದರ ಜೊತೆ ಸೇರುವ ಎಣ್ಣೆಯದು, ಬೆಣ್ಣೆಯದು ಅಂತ. ಸಿಪ್ಪೆ ಸಮೇತ ಬೇಯಿಸಿ, ಆರಿಸಿ, ಮಾರನೆಯ ದಿನ ತಿನ್ನಬೇಕಂತೆ. ಎರಡು ದೊಡ್ಡ ಗಡ್ಡೆ ಡಬ್ಬಿಗೆ ಹಾಕಿಕೊಂಡು ಹೋದೆ. ಮೆಷಿನ್ ರೂಮಿನಲ್ಲಿ ಮೋಟಾರಿನ ಪಕ್ಕ ಕೂತು, ಹೆಚ್ಚಿ, ಮೆಣಸಿನಪುಡಿ ಉದುರಿಸಿ, ಅರ್ಧ ನಿಂಬೆಹಣ್ಣು ಹಿಂಡಿ ತಿಂದೆ. ಐದು ಗಂಟೆಯವರೆಗೂ ಹಸಿವಾಗಲಿಲ್ಲ. ಹದಿನೈದು ದಿನದಲ್ಲಿ ಮೊದಲ ಸಲ ಒಂದು ನಟ್ಟನ್ನು ನಟ್ಟಂತಲೇ ನೋಡಿದೆ. ಅದು ಬಿಸ್ಕತ್ತಿನ ಹಾಗೆ ಕಾಣಲಿಲ್ಲ.

ಎರಡನೆಯ ಮಿತ್ರ ಪಾಪ್‌ಕಾರ್ನ್. ದೊಡ್ಡ ಪಾತ್ರೆ ತುಂಬ ಬರುತ್ತದೆ, ಒಳಗೆ ಗಾಳಿಯೇ ಹೆಚ್ಚು. ಬಾಯಿ ಅರ್ಧ ಗಂಟೆ ಆಡುತ್ತದೆ. ಕನ್ನಡಕ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಉಪ್ಪಿಲ್ಲ, ಎಣ್ಣೆಯಿಲ್ಲ, ಸಪ್ಪಳ ಮಾತ್ರ ಇದೆ" ಅಂದ.

ಮೂರನೆಯದು ಎಲೆಕೋಸಿನ ಸೂಪು. ಮಿತ್ರ ಅಲ್ಲ, ದೂರದ ನೆಂಟ. ಬಂದರೆ ಬೇಡ ಅನ್ನಲಾಗುವುದಿಲ್ಲ.

ಫೆಬ್ರವರಿ 23, ಭಾನುವಾರ

ಆರು ವರ್ಷದ ಮೇಲೆ ಆ ಮನೆಗೆ ಹೋದೆ. ಅತ್ತಿಗೆ ಕರೆದದ್ದಕ್ಕೆ.

ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಮುಖ, ತೋಳು ಕಡ್ಡಿ. ಹೊಟ್ಟೆ ಮಾತ್ರ ಏಳು ತಿಂಗಳ ಬಸುರಿಯಂತೆ. ಅದು ನೀರಂತೆ. ಕಣ್ಣಿನ ಬಿಳಿ ಹಳದಿ.

"ಬಾ ಗುಂಡ" ಅಂದ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಈಗ ಆ ಹೆಸರು ನಂಗೇ ಬಂತು ನೋಡು" ಅಂದ.

ನಾನು ನಗಲಿಲ್ಲ. ಅತ್ತಿಗೆ ಅವನ ಮುಂದೆ ಬಟ್ಟಲು ಇಟ್ಟರು: ನುಣ್ಣಗೆ ಹಿಸುಕಿದ ತರಕಾರಿ, ಉಪ್ಪಿಲ್ಲ. ಅವನಿಗೆ ಉಪ್ಪು ವಿಷ. ಎರಡು ಚಮಚ ತಿಂದು ಬಟ್ಟಲು ಸರಿಸಿದ.

"ತುಂಬ್ತು."

"ಇನ್ನೊಂದೇ ಒಂದು" ಅಂದರು ಅತ್ತಿಗೆ.

"ಜಾಗ ಇಲ್ಲ ಕಣೆ. ಎಲ್ಲಾ ನೀರು ಹಿಡ್ಕೊಂಡಿದೆ."

ಎರಡು ಚಮಚಕ್ಕೆ ತುಂಬುವ ಹೊಟ್ಟೆ. ನನಗೆ ನಾಚಿಕೆಯಿಲ್ಲದೆ ಹೊಟ್ಟೆಕಿಚ್ಚಾಯಿತು.

"ಎಷ್ಟು ಇಳಿಸಿದೆ?" ಅಂತ ನನ್ನನ್ನು ಕೇಳಿದ.

"ಮೂರೂಕಾಲು ಕೇಜಿ."

ಕಣ್ಣು ಮುಚ್ಚಿ ಲೆಕ್ಕ ಹಾಕಿದ. "ಹತ್ತೊಂಬತ್ತು ದಿನಕ್ಕೆ ಮೂರೂಮುಕ್ಕಾಲು ಆಗ್ಬೇಕಿತ್ತು. ಸ್ವಲ್ಪ ಹಿಂದಿದ್ದೀಯ. ಪರವಾಗಿಲ್ಲ."

ಹುಡುಗರ ಕಾಪಿ ತಿದ್ದಿದ ಹಾಗೆ. ನನ್ನ ಮಾಂಸ ಕರಗುತ್ತಿರುವುದು ಇವನಿಗೆ, ಅಂಕ ಹಾಕುವವನೂ ಇವನೇ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಊಟ ತಿಳಿಯದು, ಅವನಿಗೆ ಮಾತು ತಿಳಿಯದು. ಅಮ್ಮನ ಇಬ್ಬರು ಮಕ್ಕಳು ಸೇರಿದರೂ ಒಂದು ಗಾದೆ ಪೂರ್ತಿಯಾಗಲಿಲ್ಲ.

ಮಾರ್ಚ್ 4, ಮಂಗಳವಾರ

ತೊಂಬತ್ತೊಂದೂವರೆ. ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡು ಕೆಲಸಕ್ಕೆ ಹೋದೆ. ಗುಂಡಿಗೆ ಇಳಿಯುವ ಏಣಿ ನನ್ನ ಕೆಳಗೆ ಕಿರುಗುಟ್ಟುವುದನ್ನು ನಿಲ್ಲಿಸಿದೆ.

ಹೋದ ವಾರ ಕನ್ನಡಕ, "ನಿಂಗೆ ಸಕ್ಕರೆ ಕಾಯ್ಲೆನಾ, ಪ್ರೇಮವಾ? ಎರಡರಲ್ಲಿ ಒಂದು ಹೇಳು" ಅಂದ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿದೆ. ಅವನು ಊಟದ ಡಬ್ಬಿ ಮುಚ್ಚಿ, ಆಚೆ ಹೋಗಿ ಮೆಟ್ಟಿಲ ಮೇಲೆ ಕೂತು ತಿಂದು ಬಂದ. ಆಮೇಲೆ ದಿನವೂ ಹಾಗೇ ಮಾಡುತ್ತಿದ್ದಾನೆ.

ಮಾರ್ಚ್ 12, ಬುಧವಾರ

ಆಪರೇಷನ್ ಮಾಡುವ ಡಾಕ್ಟರು ಕರೆದಿದ್ದರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಲಿವರ್ ಇಟ್ಟು, ಎರಡು ಹೋಳು ಬೇರೆ ಮಾಡಿ ತೋರಿಸಿದರು.

"ಬಲಗಡೆದು, ನೂರಕ್ಕೆ ಅರವತ್ತು ಭಾಗ ತೆಗೀತೀವಿ. ಉಳಿದ ನಲವತ್ತು ಮೂರು ತಿಂಗಳಲ್ಲಿ ಬೆಳೆದುಕೊಳ್ಳುತ್ತೆ."

"ಕೊಡೋರಿಗೆ ಏನಾದ್ರೂ ಆಗೋದುಂಟಾ ಡಾಕ್ಟ್ರೇ?"

"ಉಂಟು. ಇನ್ನೂರು, ಮುನ್ನೂರರಲ್ಲಿ ಒಬ್ಬರಿಗೆ. ಮುಚ್ಚಿಡೋಕೆ ಹೋಗಲ್ಲ."

ಕಾಗದ ಕೊಟ್ಟರು. ಅದರಲ್ಲಿ 'ಸಾವು' ಅನ್ನುವ ಪದ ಬೇರೆ ಪದಗಳಷ್ಟೇ ಚಿಕ್ಕದಾಗಿ ಅಚ್ಚಾಗಿತ್ತು. ಓದಿದೆ. ಸಹಿ ಹಾಕಿದೆ. ಹೊರಗೆ ಅತ್ತಿಗೆ ಕಾಯುತ್ತಿದ್ದರು, ನನ್ನ ಕೈ ಹಿಡಿದುಕೊಂಡರು.

ತೂಕ ಎಂಬತ್ತೊಂಬತ್ತೂವರೆ. ಭಯವೇನಿಲ್ಲ. ಹಸಿವು ಮಾತ್ರ ಯಾಕೋ ಹೆಚ್ಚಾಗಿದೆ.

ಮಾರ್ಚ್ 14, ಶುಕ್ರವಾರ

ಬೇಕರಿಯ ಸಾಮಾನು ಲಿಫ್ಟು ನಿಂತಿದೆ ಅಂತ ಹೋದೆ. ಕನ್ನಡಕ ಬೇರೆ ಕಡೆ ಹೋಗಿದ್ದ. ಕೆಳಗೆ ಒಲೆಮನೆ, ಮೇಲೆ ಅಂಗಡಿ, ನಡುವೆ ಹಿಟ್ಟಿನ ಚೀಲ ಸಾಗಿಸುವ ಲಿಫ್ಟು. ಬ್ರೇಕಿನ ಸುರುಳಿ ಸುಟ್ಟಿತ್ತು. ಮುಕ್ಕಾಲು ಗಂಟೆಯ ಕೆಲಸ. ಬೇಕರಿಯಮ್ಮ ಕೇಕಿನ ಅಂಚು ಕತ್ತರಿಸಿದ ತುಂಡುಗಳನ್ನು ತಟ್ಟೆಯಲ್ಲಿ ತಂದುಕೊಟ್ಟರು. "ಮಾರೋಕಾಗಲ್ಲ, ತಿನ್ನಿ" ಅಂದರು.

ಬೇಡ ಅನ್ನಬೇಕಿತ್ತು. ಲಿಫ್ಟನ್ನು ಓಡಿಸಿ ನೋಡುವ ನೆಪದಲ್ಲಿ ತಟ್ಟೆ ಹಿಡಿದು ಒಳಗೆ ಹೋದೆ, ಎರಡು ಮಹಡಿಯ ನಡುವೆ ನಿಲ್ಲಿಸಿದೆ. ಟಾರ್ಚ್ ನೆಲದ ಮೇಲಿಟ್ಟು, ಹಿಟ್ಟಿನ ಚೀಲಕ್ಕೆ ಒರಗಿ ಕೂತು ಅಷ್ಟನ್ನೂ ತಿಂದೆ. ಬೆಣ್ಣೆ ಅಂಗುಳಿಗೆ ಅಂಟಿತು. ಅರ್ಧ ಕೇಜಿಗೆ ಕಡಿಮೆಯಿರಲಿಲ್ಲ. ತಟ್ಟೆಯ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡು ನೆಕ್ಕಿದೆ.

ನೀಲಿ ನೋಟ್‌ಬುಕ್ಕಿನಲ್ಲಿ ಬರೆದದ್ದು: ಆಲೂಗಡ್ಡೆ ಎರಡು, ಸೇಬು ಒಂದು.

ಮಾರ್ಚ್ 15, ಶನಿವಾರ

ಕೇಕು. ಇವತ್ತು ಲಿಫ್ಟ್ ಕೆಟ್ಟಿರಲಿಲ್ಲ. ಕೊಂಡೆ.

ಮಾರ್ಚ್ 16, ಭಾನುವಾರ

ಕೇಕು. ಅತ್ತಿಗೆಯ ಫೋನು ಬಂತು, ತೆಗೆಯಲಿಲ್ಲ.

ಮಾರ್ಚ್ 18, ಮಂಗಳವಾರ

ಕೇಕು, ಸಂಜೆ ಮತ್ತೆ ಕೇಕು. ತೂಕ ನೋಡುವ ದಿನ. ಜ್ವರ ಅಂತ ಹೇಳಿ ಹೋಗಲಿಲ್ಲ. ಬೇಕರಿಯಮ್ಮ "ಮನೇಲಿ ಮಕ್ಕಳು ಜಾಸ್ತಿನಾ?" ಅಂತ ಕೇಳಿದರು. ಹೌದು ಅಂದೆ.

ಮಾರ್ಚ್ 22, ಶನಿವಾರ

ಒಂಬತ್ತನೆಯ ದಿನ. ಅರ್ಧ ತಿಂದಾಗ ವಾಂತಿಯಾಯಿತು. ಉಳಿದದ್ದನ್ನು ಬಿಸಾಡಿದೆ. ಆಲೂಗಡ್ಡೆ ಬೇಯಲು ಇಟ್ಟೆ.

ಮಾರ್ಚ್ 25, ಮಂಗಳವಾರ

ತೊಂಬತ್ತೆರಡೂಮುಕ್ಕಾಲು.

ಮೇಡಂ ತಕ್ಕಡಿಯಿಂದ ಇಳಿಸಿ ಮತ್ತೆ ಹತ್ತಿಸಿದರು. ಅದೇ. ನೀಲಿ ನೋಟ್‌ಬುಕ್ ತೆರೆದು ಪ್ರತಿ ಸಾಲಿನ ಮೇಲೂ ಬೆರಳು ಓಡಿಸಿದರು. ನನ್ನ ಕಿವಿ ಬಿಸಿಯಾಗಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಇಷ್ಟೇ ತಿಂದಿರೋದಾ?"

"ಇಷ್ಟೇ ಮೇಡಂ."

"ಒಂದೊಂದ್ಸಲ ದೇಹ ಹಠ ಹಿಡಿಯುತ್ತೆ" ಅಂದರು. ಬೈದಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ. ಅವರು ಫೋನಿನಲ್ಲಿ ಡಾಕ್ಟರ ಜೊತೆ ಮಾತಾಡಿದರು. ಎಲ್ಲವೂ ಮೂರು ವಾರ ಮುಂದಕ್ಕೆ. ಏಪ್ರಿಲ್ ಇಪ್ಪತ್ತೆರಡಕ್ಕೆ ಸ್ಕ್ಯಾನ್, ಮೂವತ್ತಕ್ಕೆ ಆಪರೇಷನ್.

ಮೂರು ವಾರ ಏನು ಮಹಾ.

ಮಾರ್ಚ್ 30, ಭಾನುವಾರ

ಬೈಸಿಕೊಳ್ಳಲು ಸಿದ್ಧನಾಗಿ ಹೋದೆ. ಮೇಷ್ಟ್ರು ಬೈಯಲಿಲ್ಲ. "ಮೂರು ವಾರ ತಾನೆ, ಬಿಡು" ಅಂದ. ಅಷ್ಟೇ ಅಲ್ಲ, ಬೀದಿಗೆ ಇಳಿಯಬೇಕು ಅಂತ ಹಠ ಮಾಡಿದ. ತಿಂಗಳಿಂದ ಹೊಸಿಲು ದಾಟದವನು. ನನ್ನ ತೋಳು ಹಿಡಿದುಕೊಂಡು ಮೂಲೆಯ ಚಪ್ಪಲಿ ಅಂಗಡಿಯವರೆಗೆ ನಡೆದ. ಅವನ ತೂಕವೆಲ್ಲ ನನ್ನ ಮೇಲೆ. ಹೊಟ್ಟೆ ಬಿಟ್ಟರೆ ತೂಕವೇ ಇಲ್ಲ. ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತೆವು.

"ಅಮ್ಮನ ವಿಷಯ ನಿಂಗೆ ಹೇಳ್ಬೇಕಿತ್ತು" ಅಂದ. "ನೀನು ಕೇಳಲಿಲ್ಲ, ನಾನು ಹೇಳಲಿಲ್ಲ."

ನಾನು ರಸ್ತೆ ನೋಡುತ್ತಿದ್ದೆ.

"ಗಂಟಲಿಗೆ ನಳಿಗೆ ಹಾಕಿದ್ರಲ್ಲ, ಅದನ್ನ ಕಿತ್ಕೊಳ್ಳೋಕೆ ನೋಡ್ತಿದ್ರು. ಕೈ ಎರಡನ್ನೂ ಮಂಚಕ್ಕೆ ಕಟ್ಟಿದ್ರು. ಕಣ್ಣಲ್ಲೇ ನನ್ನ ಕೇಳ್ತಿದ್ರು, ಬಿಡ್ಸು ಅಂತ. ಒಂದು ಗಂಟೆ ನೋಡ್ದೆ. ಇನ್ನು ಆರು ಗಂಟೆ ನೋಡೋಕೆ ನನ್ ಕೈಲಿ ಆಗ್ಲಿಲ್ಲ ಗುಂಡ."

ಅಮ್ಮನ ಮಣಿಕಟ್ಟಿನಲ್ಲಿ ಕೆಂಪು ಗೆರೆಯಿದ್ದದ್ದು ನಾನೂ ನೋಡಿದ್ದೆ. ಏನೆಂದು ಕೇಳಿರಲಿಲ್ಲ.

ವಾಪಸ್ಸು ಬಂದು ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲ ಕೆಳಗೆ ದಿಂಬು ಕೊಟ್ಟೆ. ಪಾದ ಊದಿ, ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ. ಡಬ್ಬಿಯಲ್ಲಿ ನನ್ನ ಆಲೂಗಡ್ಡೆಯಿತ್ತು. ಒಂದು ತುಂಡಿಗೆ ನಿಂಬೆರಸ ಬಿಟ್ಟು ಕೊಟ್ಟೆ. ತಿಂದ. ಇನ್ನೊಂದು ಕೇಳಿದ.

ಏಪ್ರಿಲ್ 3, ಗುರುವಾರ

ಕೆಲಸ ಮುಗಿಸಿ ಹೋದೆ. ಎಲೆಕೋಸಿನ ಸೂಪು ನಾನೇ ಮಾಡಿದೆ, ಅಣ್ಣನಿಗೆ ಆಗುವ ಹಾಗೆ, ಉಪ್ಪಿಲ್ಲದೆ. ಉಪ್ಪಿಲ್ಲದಿರುವುದು ನಾಲಗೆಗೆ ತಿಳಿಯದಂತೆ ಮಾಡುವ ಉಪಾಯ ಸಿಕ್ಕಿದೆ: ಈರುಳ್ಳಿ, ಬೆಳ್ಳುಳ್ಳಿಯನ್ನು ಎಣ್ಣೆಯಿಲ್ಲದೆ ಕಪ್ಪಾಗುವವರೆಗೂ ಸುಟ್ಟು ಹಾಕಬೇಕು, ಇಳಿಸಿದ ಮೇಲೆ ನಿಂಬೆ, ಮೆಣಸು. ಐದು ಚಮಚ.

ಏಪ್ರಿಲ್ 8, ಮಂಗಳವಾರ

ಎಂಬತ್ತೊಂಬತ್ತೂ ಎರಡು. ಅಣ್ಣ ಏಳು ಚಮಚ. ಅಣಬೆಯನ್ನು ಸಣ್ಣಗೆ ಹೆಚ್ಚಿ ಸೇರಿಸಿದ್ದಕ್ಕೆ ಇರಬೇಕು. ಅತ್ತಿಗೆ ಬಾಗಿಲ ಹಿಂದೆ ನಿಂತು ಎಣಿಸುತ್ತಿದ್ದರು.

ಏಪ್ರಿಲ್ 13, ಭಾನುವಾರ

ಒಂಬತ್ತು ಚಮಚ, ಆಮೇಲೆ ಒಂದು ಹೋಳು ಸೇಬು, ಬೇಯಿಸಿ ಹಿಸುಕಿದ್ದು.

ನಾನೂ ಅದನ್ನೇ ತಿನ್ನುತ್ತೇನೆ, ಅದೇ ಪಾತ್ರೆಯಿಂದ. ನನಗೆ ದೊಡ್ಡ ಬಟ್ಟಲು, ಅವನಿಗೆ ಚಿಕ್ಕದು. ನಾನು ಮೂರನೆಯ ಸಲ ಬಡಿಸಿಕೊಂಡಾಗ, "ನೀನು ತಿನ್ನೋದು ನೋಡಿದ್ರೆ ಅದು ಊಟ ಅನ್ನೋದಾದ್ರೂ ನಂಬಿಕೆ ಬರುತ್ತೆ" ಅಂದ. ನನ್ನ ತೂಕದ ಲೆಕ್ಕ ಕೇಳುವುದನ್ನು ಬಿಟ್ಟಿದ್ದಾನೆ. ನಾನೂ ಹೇಳುವುದನ್ನು ಮರೆಯುತ್ತೇನೆ. ಇವತ್ತು ಬೆಳಗ್ಗೆ ಏನು ತಿಂದೆ ಅಂತ ನೀಲಿ ಪುಸ್ತಕದಲ್ಲಿ ಬರೆಯಲು ಕೂತರೆ ನೆನಪಾಗಲಿಲ್ಲ.

ಏಪ್ರಿಲ್ 17, ಗುರುವಾರ

ಆರು ಚಮಚ. ಸಾಕು ಅಂದ. ಕಣ್ಣು ಇನ್ನೂ ಹಳದಿಯಾದಂತಿದೆ. ಬಹುಶಃ ಕಿಟಕಿಯ ಬೆಳಕು.

ಏಪ್ರಿಲ್ 22, ಮಂಗಳವಾರ

ಎಂಬತ್ತೈದೂ ಎಂಟು. ಸ್ಕ್ಯಾನ್ ಆಯಿತು. ಲಿವರಿನಲ್ಲಿ ಕೊಬ್ಬು ನೂರಕ್ಕೆ ಏಳು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, "ಒಳ್ಳೆ ಹುಡುಗನ ಲಿವರ್ ಇದ್ದಂಗಿದೆ" ಅಂದರು. ಮೇಡಂ ಮೊದಲ ಸಲ ನಕ್ಕರು. ನೀಲಿ ನೋಟ್‌ಬುಕ್ಕನ್ನು ಬೇರೆಯವರಿಗೆ ತೋರಿಸಲು ಇಟ್ಟುಕೊಳ್ಳಲೇ ಅಂತ ಕೇಳಿದರು. ಬೇಡ ಅಂದೆ.

ಅತ್ತಿಗೆಗೆ ಫೋನ್ ಮಾಡಿದೆ. ಅವರು "ಎಂಟೇ ದಿನ" ಅಂದರು. ಎರಡು ಸಲ ಅಂದರು.

ಏಪ್ರಿಲ್ 24, ಗುರುವಾರ

ಅಣ್ಣನಿಗೆ ಚಳಿಜ್ವರ. ಹೊಟ್ಟೆ ಮುಟ್ಟಿದರೆ ಕಿರುಚುತ್ತಾನೆ. ನಾನೂ ಅತ್ತಿಗೆಯೂ ಆಸ್ಪತ್ರೆಗೆ ಸೇರಿಸಿದೆವು.

ಏಪ್ರಿಲ್ 26, ಶನಿವಾರ

ಹೊಟ್ಟೆಯ ನೀರಿಗೆ ಸೋಂಕು ತಗುಲಿದೆ. ಅದು ಇಳಿಯುವವರೆಗೆ ಆಪರೇಷನ್ ಇಲ್ಲ. ವಾರ್ಡಿನ ಹೊರಗೆ ಡಾಕ್ಟರನ್ನು ನಿಲ್ಲಿಸಿ ಕೇಳಿದೆ, "ಆಪರೇಷನ್ ಒಂಬತ್ತನೇ ತಾರೀಕೇ ಆಗಿದ್ರೆ ಇದು ಬರ್ತಿರ್ಲಿಲ್ವಾ?"

"ಹಾಗೆ ಹೇಳೋಕೆ ಬರಲ್ಲ. ಬರಬಹುದಿತ್ತು, ಬರದೇನೂ ಇರಬಹುದಿತ್ತು. ಅದೆಲ್ಲ ತಲೆಗೆ ಹಚ್ಕೋಬೇಡಿ. ನೀವು ಮಾಡೋದನ್ನೆಲ್ಲ ಮಾಡಿದ್ದೀರ."

ಮಾಡೋದನ್ನೆಲ್ಲ.

ಏಪ್ರಿಲ್ 28, ಸೋಮವಾರ

ಮಧ್ಯಾಹ್ನ ಅತ್ತಿಗೆ ಸ್ನಾನಕ್ಕೆಂದು ಮನೆಗೆ ಹೋದರು. ಅಣ್ಣನ ಜೊತೆ ನಾನೊಬ್ಬನೇ. ಜ್ವರ ಸ್ವಲ್ಪ ಇಳಿದು ಮಾತಾಡುವಷ್ಟು ಎಚ್ಚರವಿತ್ತು. ಪಕ್ಕದ ಮಂಚದವರು ಪರದೆ ಎಳೆದುಕೊಂಡಿದ್ದರು.

"ಒಂದು ಹೇಳ್ಬೇಕು" ಅಂದೆ.

"ಹೇಳು."

"ಆ ಮೂರು ವಾರ ಮುಂದಕ್ಕೆ ಹೋಗಿದ್ದು, ದೇಹ ಹಠ ಹಿಡಿದದ್ದಕ್ಕಲ್ಲ. ನಾನು ತಿಂದೆ."

ಅವನು ನನ್ನತ್ತ ತಿರುಗಿದ. ತಿರುಗಲು ಬಹಳ ಹೊತ್ತು ಹಿಡಿಯಿತು.

"ಏನು ತಿಂದೆ?"

"ಕೇಕು."

"ಎಷ್ಟು?"

"ದಿನಾ ಅರ್ಧ ಕೇಜಿ. ಒಂದಿನ ಒಂದು ಕೇಜಿ. ಒಂಬತ್ತು ದಿನ."

ತುಟಿ ಅಲುಗಿತು. ಒಳಗೆ ಗುಣಾಕಾರ ಮಾಡುತ್ತಿದ್ದನೋ ಏನೋ. ನಾನು ಹೇಳುತ್ತಾ ಹೋದೆ. ಸಹಿ ಹಾಕಿ ಬಂದ ಮೇಲೆ ಶುರುವಾಯಿತು, ಹಸಿವು ಅಂದುಕೊಂಡೆ, ಹಸಿವಲ್ಲ. ತೂಕ ಇಳಿಯದಿದ್ದರೆ ಯಾರೂ ನನ್ನನ್ನು ಮೇಜಿನ ಮೇಲೆ ಮಲಗಿಸುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಆಗುವುದಿಲ್ಲ ಅನ್ನುವ ಧೈರ್ಯ ಇರಲಿಲ್ಲ. ಅವನೆದುರು ಹೇಗೆ ಹೇಳಿದೆನೋ.

ನಾನು ಬೈಗುಳಕ್ಕೆ ಕಾದೆ. ಅಣ್ಣ ಕೇಳಿದ, "ರುಚಿಯಾಗಿತ್ತಾ?"

"ಏನು?"

"ಕೇಕು ಕಣೋ. ರುಚಿಯಾಗಿತ್ತಾ?"

"ಇತ್ತು."

"ಹೇಗಿತ್ತು ಹೇಳು. ನಾನು ಏನನ್ನೂ ರುಚಿಗೆ ಅಂತ ತಿಂದು ವರ್ಷವಾಯ್ತು."

ಹೇಳಿದೆ. ಅಂಚು ಸ್ವಲ್ಪ ಕರಿದಾಗಿ ಗಟ್ಟಿಯಾಗಿತ್ತು, ಹಲ್ಲಿಗೆ ಸಿಕ್ಕರೆ ಸುಟ್ಟ ಸಕ್ಕರೆಯ ಕಹಿ. ಒಳಗೆ ಹಳದಿ, ಒತ್ತಿದರೆ ಮೇಲೇಳುವಷ್ಟು ಮೆತ್ತಗೆ. ಬೆಣ್ಣೆ ಅಂಗುಳಿಗೆ ಅಂಟಿ ನಿಧಾನ ಕರಗುತ್ತಿತ್ತು. ಕಿತ್ತಳೆಯ ಸಿಪ್ಪೆ ತುರಿದು ಹಾಕಿದ್ದರು. ಬಿಸಿ ಇನ್ನೂ ಆರಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಒಂದು ಸಲ ಉಗುಳು ನುಂಗಿದ್ದು ಗಂಟಲಲ್ಲಿ ಕಂಡಿತು.

"ಸಾಕು" ಅಂದ. "ತುಂಬ್ತು."

ಅತ್ತಿಗೆ ಬರುವವರೆಗೂ ನನ್ನ ಬೆರಳು ಹಿಡಿದುಕೊಂಡಿದ್ದ. ಕ್ಷಮಿಸಿದ್ದೇನೆ ಅಂತ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೇ 1, ಗುರುವಾರ

ಕಿಡ್ನಿಯೂ ನಿಂತಿದೆ. ತೀವ್ರ ನಿಗಾ ಕೋಣೆಗೆ ಸಾಗಿಸಿದ್ದಾರೆ. ಗಂಟಲಿಗೆ ನಳಿಗೆ ಹಾಕಬೇಕಾಗಬಹುದು ಅಂದರು. ಅತ್ತಿಗೆ ನನ್ನ ಮುಖ ನೋಡಿದರು. "ಬೇಡ ಅಂದಿದ್ದಾನೆ" ಅಂದೆ. ಅಣ್ಣ ಹಾಗೆ ಹೇಳಿರಲಿಲ್ಲ. ಆದರೆ ನನಗೆ ಗೊತ್ತಿತ್ತು.

ಇಬ್ಬರೂ ಸಹಿ ಹಾಕಿದೆವು.

ಮೇ 3, ಶನಿವಾರ

ಅಣ್ಣ ಹೋದ. ಬೆಳಗ್ಗೆ ಹನ್ನೊಂದೂ ಹತ್ತಕ್ಕೆ. ಕೈ ಯಾರೂ ಕಟ್ಟಿರಲಿಲ್ಲ.

ಮೇ 7, ಬುಧವಾರ

ಮನೆ ತುಂಬ ಜನ. ಶಾಲೆಯ ಮೇಷ್ಟ್ರುಗಳು, ನೆರೆಯವರು. ಒಬ್ಬ ಹೆಂಗಸು ನನ್ನನ್ನು ತೋರಿಸಿ, "ಅಣ್ಣನ ಚಿಂತೇಲಿ ಹೇಗೆ ಸೊರಗಿದಾನೆ ನೋಡಿ, ಅಂಥ ತಮ್ಮ ಎಷ್ಟು ಜನಕ್ಕೆ ಸಿಗ್ತಾನೆ" ಅಂದರು. ಅತ್ತಿಗೆ ಅಲ್ಲೇ ಇದ್ದರು. ತಲೆ ಎತ್ತಲಿಲ್ಲ. ನಾನು ಹಿತ್ತಿಲ ಬಾಗಿಲಿಂದ ಹೊರಗೆ ಹೋದೆ.

ಮೇ 18, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಕೆಲಸಕ್ಕೆ ಹೋದೆ, ಬಂದೆ. ಎಂಬತ್ತೆರಡು ಇದ್ದೇನೆ, ಯಾರೂ ಕೇಳದಿದ್ದರೂ.

ಅತ್ತಿಗೆಗೆ ಹೇಳದೆ ಇರಲಾಗಲಿಲ್ಲ. ಹೋದೆ. ಅವರು ಅಣ್ಣನ ಅಂಗಿಗಳನ್ನು ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದರು. ನಿಂತೇ ಹೇಳಿದೆ, ಒಂಬತ್ತು ದಿನದ ವಿಷಯ, ನೀಲಿ ನೋಟ್‌ಬುಕ್ಕಿನ ಸುಳ್ಳು, ಎಲ್ಲ.

ಅಂಗಿ ಮಡಚುವುದನ್ನು ಅವರು ನಿಲ್ಲಿಸಲಿಲ್ಲ.

"ಗೊತ್ತು" ಅಂದರು. "ನಿಮ್ಮಣ್ಣ ಅವತ್ತೇ ಸಾಯಂಕಾಲ ಹೇಳಿದ್ರು."

"ಮತ್ತೆ ನೀವು ಒಂದು ಮಾತೂ..."

"ಏನಂತ ಆಡ್ಲಿ? ಸಿಟ್ಟು ಬಂತು. ನಿನ್ನ ಕತ್ತು ಹಿಸುಕಿಬಿಡೋಣ ಅನ್ನಿಸ್ತು. ಅವತ್ತು ಆ ಹೆಂಗಸು ನಿನ್ನ ಹೊಗಳ್ತಿದ್ದಾಗ ಎದ್ದು ಹೇಳಿಬಿಡ್ತಿದ್ದೆ, ಕಾಲಲ್ಲಿ ಶಕ್ತಿಯಿರ್ಲಿಲ್ಲ."

ನಾನು ಗೋಡೆಗೆ ಒರಗಿ ಕೂತೆ. ಅವರು ಪೆಟ್ಟಿಗೆ ಮುಚ್ಚಿ ಅದರ ಮೇಲೆ ಕೂತರು.

"ಅವರು ಇನ್ನೊಂದು ಹೇಳಿದ್ರು. ನಿಂಗೆ ಹೇಳ್ಬೇಡ ಅಂದಿದ್ರು. ಆಪರೇಷನ್ ಮುಂದಕ್ಕೆ ಹೋಯ್ತು ಅಂತ ಫೋನ್ ಬಂದಾಗ ಅವರಿಗೆ ಖುಷಿಯಾಯ್ತಂತೆ. ಇನ್ನು ಮೂರು ವಾರ ಯಾರೂ ನನ್ನ ಕುಯ್ಯಲ್ಲ ಅಂತ. ಅದೇ ಖುಷೀಲಿ ಬೀದಿಗೆ ಇಳಿದ್ರಂತೆ ನಿನ್ನ ಜೊತೆ. 'ಅವನೊಬ್ಬನೇ ಹೆದರಿದ್ದು ಅಂತ ತಿಳ್ಕೊಂಡಿದಾನೆ ಪಾಪ. ನಾನೂ ಹೆದರಿದ್ದೆ ಅನ್ನೋಕೆ ಬಾಯಿ ಬರ್ಲಿಲ್ಲ, ಮೇಷ್ಟ್ರಲ್ವಾ' ಅಂದ್ರು."

ನನಗೆ ಅಳು ಬಂದದ್ದು ಆಗಲೇ. ಆಸ್ಪತ್ರೆಯಲ್ಲೂ ಬಂದಿರಲಿಲ್ಲ. ಅತ್ತಿಗೆ ಸಮಾಧಾನ ಮಾಡಲಿಲ್ಲ, ತಡೆಯಲೂ ಇಲ್ಲ. ಎದ್ದು ಅಡುಗೆಮನೆಗೆ ಹೋದರು. ಪಾತ್ರೆಯ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಎರಡು ತಟ್ಟೆ ತಂದು ಒಂದನ್ನು ನನ್ನ ಮುಂದಿಟ್ಟರು. ಇಬ್ಬರೂ ತಿಂದೆವು. ಏನು ತಿಂದೆ ಅಂತ ಬರೆಯಬೇಕಾಗಿಲ್ಲ ಈಗ.

ಹೊರಡುವಾಗ ಬಾಗಿಲವರೆಗೆ ಬಂದರು.

"ನನ್ನ ಸಿಟ್ಟು ಹೋಗಿಲ್ಲ" ಅಂದರು. "ಹೋಗುತ್ತೋ ಇಲ್ವೋ, ಅದೂ ಗೊತ್ತಿಲ್ಲ."

"ಗೊತ್ತು ಅತ್ತಿಗೆ."

ನಾನು ಮೂರು ಮೆಟ್ಟಿಲು ಇಳಿದಿದ್ದೆ. ಹಿಂದಿನಿಂದ ಅಂದರು, "ಆದ್ರೂ ಭಾನುವಾರ ಬಾ. ಒಬ್ಬಳೇ ಕೂತು ಉಣ್ಣೋಕಾಗಲ್ಲ ನಂಗೆ."